ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ

ಸಂಘದ ಡೊಂಬಿವಲಿ ಕಚೇರಿಯಲ್ಲಿ ಸೋಮವಾರದ ಕೂಟದಲ್ಲಿ ಮಾಡಿದ ಭಾಷಣ



ಈಗ ಮಧ್ಯಾಹ್ನ ಮೂರೂವರೆ ಗಂಟೆ. ಊಟದ ಗಿರಾಕಿಗಳು ಎದ್ದು ಹೋಗಿ, ಸಂಜೆಯ ಚಹಾ ತಿಂಡಿಯ ಗಿರಾಕಿಗಳು ಇನ್ನೂ ಬಾರದಿರುವ ಹೊತ್ತು. ಹೊಟೇಲು ಬಂಧುಗಳಿಗೆ ಕಾಲು ಚಾಚಲು ಸಿಗುವುದು ಇಷ್ಟೇ ಹೊತ್ತು. ಅದನ್ನೂ ಬಿಟ್ಟುಕೊಟ್ಟು ಠಾಣೆಯಿಂದ, ಕಲ್ಯಾಣದಿಂದ, ವಾಶಿ ನೆರುಳುಗಳಿಂದ ಬಂದಿದ್ದೀರಿ. ಗಿರಣಿಗಳಲ್ಲಿ ದುಡಿದ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಐದು ಗಂಟೆಗೆ ಮತ್ತೆ ಗಲ್ಲೆಯ ಮುಂದೆ, ಒಲೆಯ ಮುಂದೆ ನಿಲ್ಲಬೇಕಾದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಆದುದರಿಂದ ಮಾತನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಕಂಪ್ಯೂಟರಿನಲ್ಲಿ ಫೈಲು ಹುಡುಕುವ ವ್ಯವಸ್ಥೆ ಕೆಟ್ಟರೆ ಏನು ಮಾಡಬೇಕು ಎಂಬುದರ ಮೇಲೆ ಮಾತಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ಕೆಲವರು ನಕ್ಕರು. ದೋಸೆಕಲ್ಲಿನ ಮುಂದೆ ನಿಲ್ಲುವವನಿಗೆ, ಮಗ್ಗ ನಡೆಸಿ ಬೆನ್ನು ಬಾಗಿದವನಿಗೆ ಇದೇಕೆ ಎಂದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ನಮ್ಮ ಕಚೇರಿಯಲ್ಲೇ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಅದರಲ್ಲಿ ತಪ್ಪು ಯಾರದೆಂದು ಕೊನೆಗೆ ನಿಮಗೇ ತಿಳಿಯುತ್ತದೆ.

ಎರಡು ಸಲ ಬರಿಗೈಯಲ್ಲಿ ಹೋದವರು

2023ರ ಮಾತು. ಬೆಳಗಾವಿ ಜಿಲ್ಲೆಯ ಕಡೆಯಿಂದ ಹುಡುಗರಾಗಿದ್ದಾಗಲೇ ಮುಂಬಯಿಗೆ ಬಂದು, ಲಾಲಬಾಗಿನ ಒಂದು ಗಿರಣಿಯ ಮಗ್ಗ ಖಾತೆಯಲ್ಲಿ ಬದಲಿಯಾಗಿ ಸೇರಿದ ಹಿರಿಯರೊಬ್ಬರು ಈ ಕಚೇರಿಗೆ ಬಂದರು. ಅವರ ಹೆಸರು ಬೇಡ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರದಲ್ಲಿ ಅವರೂ ಒಬ್ಬರು. ಆ ಮುಷ್ಕರದ ಕಥೆಯನ್ನು ಇಲ್ಲಿರುವ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ. ಗಿರಣಿಗಳು ಹೋದವು, ಭೋಂಗಾ ನಿಂತಿತು, ಚಾಳಿನ ಖೋಲಿ ಬಿಟ್ಟು ಎಷ್ಟೋ ಸಂಸಾರಗಳು ಡೊಂಬಿವಲಿ, ಕಲ್ಯಾಣಗಳಿಗೆ ಬಂದವು. ಗಿರಣಿಗಳ ಭೂಮಿಯಲ್ಲಿ ಒಂದು ಪಾಲು ಕಾರ್ಮಿಕರ ಮನೆಗೆಂದು ಗೊತ್ತಾಗಿ, ಮ್ಹಾಡಾ 2012ರಲ್ಲಿ 6,925 ಮನೆಗಳಿಗೆ ಚೀಟಿ ಎತ್ತಿತು. ಅರ್ಜಿ ಹಾಕಿದವರೋ ಒಂದೂವರೆ ಲಕ್ಷದ ಸುಮಾರು! ಚೀಟಿಯಲ್ಲಿ ಹೆಸರು ಬಾರದ ಅರ್ಜಿದಾರರ ಅರ್ಹತೆಯನ್ನು ಪರಿಶೀಲಿಸಲು 2023ರಲ್ಲಿ ದಾಖಲೆಗಳನ್ನು ಕೇಳಲಾಯಿತು. 1982ರ ಜನವರಿ 1ರಂದು ಅಥವಾ ಆ ಬಳಿಕ ಗಿರಣಿಯಲ್ಲಿ ಕೆಲಸದಲ್ಲಿದ್ದರು ಎಂದು ತೋರಿಸುವ ಕಾಗದ ಬೇಕು. ಟಿಕೆಟ್ ನಂಬರು, ಹಾಜರಿಯ ದಾಖಲೆ, ರಜೆಯ ಪುಸ್ತಕ, ಪಗಾರದ ಚೀಟಿ, ಭವಿಷ್ಯನಿಧಿಯ ಪಾವತಿ, ಇಎಸ್‌ಐ ನಂಬರು, ಇಂಥವು.

ಕಾಕಾ ಅವರ ಬಳಿ ಇದ್ದುದು ಒಂದೇ ರಜೆಯ ಪುಸ್ತಕ. ಇದ್ದುದು ಎಂದೆವು, ಈಗ ಇಲ್ಲ. 2019ರ ಜುಲೈ ತಿಂಗಳ ಕೊನೆಯಲ್ಲಿ ಉಲ್ಹಾಸ ನದಿ ಉಕ್ಕಿ, ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿಯ ಬಳಿ ನೀರಿನ ನಡುವೆ ನಿಂತುದು ನೆನಪಿದೆಯಷ್ಟೆ? ಆ ರಾತ್ರಿ ಕಲ್ಯಾಣದ ತಗ್ಗಿನ ಚಾಳಿನಲ್ಲಿ ಕಾಕಾ ಅವರ ಟ್ರಂಕು ನೀರಿನಲ್ಲಿ ಮುಳುಗಿತು. ಪುಸ್ತಕ ಮುದ್ದೆಯಾಗಿ ಹೋಯಿತು. ಆದರೆ ಅದಕ್ಕೆ ಎರಡು ವರ್ಷ ಮೊದಲೇ ಅದನ್ನು ಇಲ್ಲಿಗೆ ತಂದು ಸ್ಕ್ಯಾನ್ ಮಾಡಿಸಿ ಇಟ್ಟಿದ್ದರು. "ಸಂಘದಲ್ಲಿ ಐತಿ" ಎಂಬ ಒಂದು ಧೈರ್ಯ ಅವರಿಗಿತ್ತು.

ಕಚೇರಿಯ ಹುಡುಗ ಕಂಪ್ಯೂಟರಿನ ಕೆಳಗಿನ ಹುಡುಕುವ ಪೆಟ್ಟಿಗೆಯಲ್ಲಿ ಅವರ ಹೆಸರು ಹೊಡೆದ. ಏನೂ ಬರಲಿಲ್ಲ. ಇಂಗ್ಲಿಷಿನಲ್ಲಿ ಹೊಡೆದ. ಬರಲಿಲ್ಲ. "ಇಲ್ಲ ಕಾಕಾ" ಎಂದ. ಅವರು ಹೋದರು. ಎಂಟು ದಿನ ಬಿಟ್ಟು ಮತ್ತೆ ಬಂದರು. ಮತ್ತೆ ಹುಡುಕಿ ಮತ್ತೆ "ಇಲ್ಲ" ಎಂದೆವು. ಆಗ ಅವರು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು: "ಕಾಗದ ನನ್ನ ಕೈಯಾರೆ ಕೊಟ್ಟೀನ್ರಿ. ನೀರು ಒಯ್ದದ್ದು ನನ್ನ ಮನ್ಯಾಗಿಂದು. ನಿಮ್ಮ ಮನ್ಯಾಗಿಂದು ಯಾರು ಒಯ್ದ್ರು?"

ಬಂಧುಗಳೆ, ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಆ ರಾತ್ರಿ ನಮಗೆ ಊಟ ಸೇರಲಿಲ್ಲ.

ಪಟ್ಟಿ ಬೇರೆ, ಸಾಮಾನು ಬೇರೆ

ಇನ್ನು ಕಂಪ್ಯೂಟರು ಹುಡುಕುವುದು ಹೇಗೆಂಬುದನ್ನು ತಿಳಿಯೋಣ. ಇದು ತಿಳಿದರೆ ಮುಂದಿನದೆಲ್ಲ ಸುಲಭ.

ದೊಡ್ಡ ಹೊಟೇಲೊಂದರ ಉಗ್ರಾಣವನ್ನು ನೆನೆಯಿರಿ. ಅಕ್ಕಿ, ಉದ್ದು, ರವೆ, ಮೆಣಸು ಎಲ್ಲ ಸಾಲುಸಾಲಾಗಿ ಇವೆ. ಉಗ್ರಾಣದವನ ಬಳಿ ಒಂದು ಪುಸ್ತಕ. ಒಳಗೆ ಬಂದುದನ್ನೂ ಹೊರಗೆ ಹೋದುದನ್ನೂ ಅದರಲ್ಲಿ ಬರೆಯುತ್ತಾನೆ. ಭಟ್ಟರು "ಉದ್ದಿನಬೇಳೆ ಉಂಟೋ?" ಎಂದು ಕೂಗಿದರೆ ಅವನು ಮೂಟೆಗಳನ್ನು ಎಳೆದು ನೋಡುವುದಿಲ್ಲ, ಪುಸ್ತಕ ನೋಡಿ ಹೇಳುತ್ತಾನೆ. ಅದರಿಂದಲೇ ಉತ್ತರ ಕ್ಷಣದಲ್ಲಿ ಬರುತ್ತದೆ. ಆದರೆ ಉಗ್ರಾಣದವನು ನಾಲ್ಕು ದಿನ ರಜೆ ಹಾಕಿದ ಎನ್ನಿ, ಅಥವಾ ಪುಸ್ತಕದ ಹಾಳೆಗಳು ಹರಿದವು ಎನ್ನಿ. ಬೇಳೆಯ ಮೂಟೆ ಗೋಡೆಗೆ ಒರಗಿ ನಿಂತಿದ್ದರೂ "ಇಲ್ಲ" ಎಂಬ ಉತ್ತರವೇ ಬರುತ್ತದೆ.

ಕಂಪ್ಯೂಟರಿನಲ್ಲಿಯೂ ಹೀಗೆಯೇ. ನೀವು ಒಂದು ಹೆಸರು ಹೊಡೆದ ಕ್ಷಣ ಅದು ಸಾವಿರಾರು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವುದಿಲ್ಲ. ಅದರೊಳಗೆ ಸದಾ ಕೆಲಸ ಮಾಡುವ ಒಬ್ಬ ಗುಮಾಸ್ತ ಇದ್ದಾನೆ. ವಿಂಡೋಸ್ ಯಂತ್ರಗಳಲ್ಲಿ ಅವನ ಹೆಸರು ವಿಂಡೋಸ್ ಸರ್ಚ್. ನೀವು ಬೇರೆ ಕೆಲಸದಲ್ಲಿರುವಾಗ ಅವನು ಫೈಲಿನ ಹೆಸರು, ದಿನಾಂಕ, ಒಳಗಿನ ಪದಗಳು ಇವನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಡುತ್ತಾನೆ. ಆ ಪಟ್ಟಿಗೆ ಇಂಡೆಕ್ಸ್ ಎನ್ನುತ್ತಾರೆ. ನಾವು ಸೂಚಿ ಎನ್ನೋಣ. ಹುಡುಕುವ ಪೆಟ್ಟಿಗೆ ಕೇಳುವುದು ಆ ಸೂಚಿಯನ್ನು.

ಕಲ್ಯಾಣ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಇಂಡಿಕೇಟರ್ ಕೆಟ್ಟು ಕಪ್ಪಾದರೆ ಲೋಕಲ್ ಬರುವುದಿಲ್ಲ ಎಂದು ಯಾರಾದರೂ ಮನೆಗೆ ಹೋಗುತ್ತಾರೆಯೆ? 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಠಾಣೆಗೆ ಈ ದೇಶದ ಮೊದಲ ಪ್ರಯಾಣಿಕರ ರೈಲು ಬಂದಾಗ ಇಂಡಿಕೇಟರ್ ಇರಲಿಲ್ಲ, ರೈಲು ಇತ್ತು! ಆದುದರಿಂದ ಮೊದಲ ಪಾಠ ಇದು: ಹುಡುಕುವ ಪೆಟ್ಟಿಗೆ "ಸಿಗಲಿಲ್ಲ" ಎಂದರೆ ಪಟ್ಟಿಯಲ್ಲಿ ಇಲ್ಲ ಎಂದು ಅರ್ಥ. ಫೈಲು ಇಲ್ಲ ಎಂದು ಅರ್ಥವಲ್ಲ.

ಇದನ್ನರಿಯದೆ ಜನ ಎಂಥ ಕೆಲಸ ಮಾಡುತ್ತಾರೆ ನೋಡಿ. ನಾವು ಆ ಯಂತ್ರವನ್ನು ಸ್ಟೇಶನ್ ಬಳಿಯ ಒಬ್ಬ ರಿಪೇರಿಯವರಿಗೆ ತೋರಿಸಿದೆವು. ಅವರು ಎರಡು ನಿಮಿಷ ನೋಡಿ, "ಫಾರ್ಮ್ಯಾಟ್ ಹೊಡೆಯೋಣ, ಹೊಸದರ ಹಾಗೆ ಆಗುತ್ತದೆ" ಎಂದರು. ಫಾರ್ಮ್ಯಾಟ್ ಎಂದರೆ ತೊಳೆದು ಹಾಕುವುದು. ಉಗ್ರಾಣದ ಪುಸ್ತಕ ಹರಿದಿದೆಯೆಂದು ಉಗ್ರಾಣಕ್ಕೇ ಬೆಂಕಿ ಹಚ್ಚಿದ ಹಾಗೆ. ಪುಣ್ಯಕ್ಕೆ ಅಂದು ಅವರಿಗೆ ಕೊಡಲು ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ. ಬಡತನವೂ ಒಮ್ಮೊಮ್ಮೆ ಉಪಕಾರ ಮಾಡುತ್ತದೆ.

ರಿಪೇರಿಯ ಕ್ರಮ

ನಮ್ಮ ಸದಸ್ಯರೊಬ್ಬರ ಮಗ ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ತಂದೆ ಠಾಣೆಯ ಹೊಟೇಲಿನಲ್ಲಿ ಮಾಣಿಯಾಗಿ ದುಡಿದು ಅವನನ್ನು ಓದಿಸಿದವರು. ಸಂಗತಿ ಕೇಳಿ ಅವನು ಪಾಳಿ ಮುಗಿಸಿ, ಐರೋಲಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ, ಎರಡು ರೈಲು ಹಿಡಿದು ರಾತ್ರಿ ಹತ್ತಕ್ಕೆ ಬಂದ. ಅವನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇವೆ. ಮನೆಯಲ್ಲಿ ಕಂಪ್ಯೂಟರ್ ಇರುವ ಮಕ್ಕಳಿಗೆ ಈ ಪತ್ರಿಕೆಯನ್ನು ಓದಲು ಕೊಡಿ.

ಮೊದಲನೆಯದು, ಯಂತ್ರವನ್ನು ಒಮ್ಮೆ ಮುಚ್ಚಿ ಮತ್ತೆ ಆರಂಭಿಸುವುದು. ನಗಬೇಡಿ. ಅರ್ಧದಷ್ಟು ಕಾಯಿಲೆ ಇದರಲ್ಲೇ ಹೋಗುತ್ತದೆ. ಅದರಲ್ಲೂ ಮುಚ್ಚುವಾಗ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತುವುದು ಉತ್ತಮ.

ಎರಡನೆಯದು, ಗುಮಾಸ್ತ ಕೆಲಸಕ್ಕೆ ಬಂದಿದ್ದಾನೆಯೇ ಎಂದು ನೋಡುವುದು. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಒಂದು ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಸರ್ವಿಸಸ್, ಚುಕ್ಕಿ, ಎಂ ಎಸ್ ಸಿ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಯಂತ್ರದೊಳಗಿನ ಕೆಲಸಗಾರರ ಹಾಜರಿ ಪುಸ್ತಕವೇ ತೆರೆದುಕೊಳ್ಳುತ್ತದೆ! ಆ ಪಟ್ಟಿಯಲ್ಲಿ ವಿಂಡೋಸ್ ಸರ್ಚ್ ಎಂಬ ಹೆಸರಿನ ಮುಂದೆ ರನ್ನಿಂಗ್ ಎಂದಿರಬೇಕು. ನಮ್ಮ ಯಂತ್ರದಲ್ಲಿ ಏನೂ ಇರಲಿಲ್ಲ, ಡಿಸೇಬಲ್ಡ್ ಎಂದಿತ್ತು. ಯಂತ್ರ ನಿಧಾನವೆಂದು ಹಿಂದೆ ಯಾರೋ ಚುರುಕು ಮಾಡಿಕೊಟ್ಟಿದ್ದರಲ್ಲ, ಅವರು ಈ ಗುಮಾಸ್ತನನ್ನೇ ಕೆಲಸದಿಂದ ತೆಗೆದುಹಾಕಿದ್ದರು. ಖರ್ಚು ಉಳಿಸಲು ಆಳು ಕಡಿಮೆ ಮಾಡುವ ಧಣಿಗಳ ಬುದ್ಧಿ ಯಂತ್ರದೊಳಗೂ ಹೊಕ್ಕಿದೆ. ಆ ಹೆಸರಿನ ಮೇಲೆ ಎರಡು ಸಲ ಒತ್ತಿ, ಸ್ಟಾರ್ಟಪ್ ಟೈಪ್ ಎಂಬಲ್ಲಿ ಆಟೊಮ್ಯಾಟಿಕ್, ಡಿಲೇಡ್ ಸ್ಟಾರ್ಟ್ ಎಂಬುದನ್ನು ಆರಿಸಿ, ಅಪ್ಲೈ ಒತ್ತಿ, ಬಳಿಕ ಸ್ಟಾರ್ಟ್ ಒತ್ತಿದ. ಗುಮಾಸ್ತ ಮತ್ತೆ ಕೆಲಸಕ್ಕೆ ಹಾಜರಾದ.

ಮೂರನೆಯದು, ಅವನಿಗೆ ಯಾವ ಯಾವ ಕಪಾಟು ನೋಡಲು ಹೇಳಿದೆ ಎಂದು ತಿಳಿಯುವುದು. ಕಂಟ್ರೋಲ್ ಪ್ಯಾನೆಲಿನಲ್ಲಿ ಇಂಡೆಕ್ಸಿಂಗ್ ಆಪ್ಷನ್ಸ್ ಎಂಬುದಿದೆ. ಯಂತ್ರ ಹೊಸದಾಗಿ ಬಂದಾಗ ಕ್ಲಾಸಿಕ್ ಎಂಬ ರೀತಿಯಲ್ಲಿರುತ್ತದೆ. ಆ ರೀತಿಯಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮೊದಲಾದ ಕೆಲವು ಕಪಾಟುಗಳನ್ನು ಮಾತ್ರ ಅವನು ನೋಡುತ್ತಾನೆ. ನಮ್ಮ ಸದಸ್ಯರ ಕಾಗದಗಳೆಲ್ಲ ಡಿ ಡ್ರೈವಿನಲ್ಲಿ! ಗುಮಾಸ್ತನಿಗೆ ಆ ಕೋಣೆಯ ಬಾಗಿಲೇ ಗೊತ್ತಿರಲಿಲ್ಲ. ಮಾಡಿಫೈ ಒತ್ತಿ, ಡಿ ಡ್ರೈವಿನ ಮುಂದೆ ಗುರುತು ಹಾಕಿದ. ಇಡೀ ಯಂತ್ರವನ್ನೇ ನೋಡಲು ಹೇಳುವ ಎನ್‌ಹ್ಯಾನ್ಸ್ಡ್ ಎಂಬ ಇನ್ನೊಂದು ರೀತಿಯೂ ಸೆಟ್ಟಿಂಗ್ಸಿನಲ್ಲಿದೆ. ಹಳೆಯ ಯಂತ್ರಕ್ಕೆ ಅದು ಹೊರೆಯಾದೀತು. ಬೇಕಾದ ಕಪಾಟನ್ನಷ್ಟೇ ಸೇರಿಸುವುದು ಮೇಲು.

ನಾಲ್ಕನೆಯದು, ಪಟ್ಟಿಯೇ ಹಾಳಾಗಿದ್ದರೆ ಹೊಸದಾಗಿ ಬರೆಸುವುದು. ವಿದ್ಯುತ್ತು ತಟ್ಟನೆ ಹೋದಾಗ, ಡಿಸ್ಕಿನಲ್ಲಿ ಜಾಗ ತುಂಬಿದಾಗ ಪಟ್ಟಿ ಕೆಡುವುದುಂಟು. ಅದೇ ಇಂಡೆಕ್ಸಿಂಗ್ ಆಪ್ಷನ್ಸಿನಲ್ಲಿ ಅಡ್ವಾನ್ಸ್ಡ್ ಒತ್ತಿದರೆ ರೀಬಿಲ್ಡ್ ಎಂಬ ಗುಂಡಿ ಕಾಣುತ್ತದೆ. ಅದನ್ನೊತ್ತಿದರೆ ಹಳೆಯ ಪಟ್ಟಿ ಅಳಿದು ಹೊಸ ಪಟ್ಟಿ ಬರೆಯಲು ಆರಂಭವಾಗುತ್ತದೆ. ಇದರಿಂದ ನಿಮ್ಮ ಒಂದು ಫೈಲೂ ಅಳಿಯುವುದಿಲ್ಲ. ಅಳಿಯುವುದು ಪಟ್ಟಿ ಮಾತ್ರ. ಆದರೆ ತಾಳ್ಮೆ ಬೇಕು. ಫೈಲುಗಳು ಬಹಳವಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ನಾವು ಯಂತ್ರದಲ್ಲಿ ಬೇರೆ ಕೆಲಸ ಮಾಡುತ್ತಿದ್ದರೆ ಗುಮಾಸ್ತ ನಿಧಾನವಾಗುತ್ತಾನೆ. ಆದುದರಿಂದ ರಾತ್ರಿ ಯಂತ್ರವನ್ನು ಮಲಗಲು ಬಿಡದೆ, ಕರೆಂಟಿಗೆ ಸಿಕ್ಕಿಸಿ, ಮುಟ್ಟದೆ ಬಿಡಬೇಕು. ಎಷ್ಟು ಬರೆದಾಯಿತೆಂಬ ಸಂಖ್ಯೆ ಅಲ್ಲೇ ಏರುತ್ತಿರುತ್ತದೆ. ಮುಗಿದಾಗ ಇಂಡೆಕ್ಸಿಂಗ್ ಕಂಪ್ಲೀಟ್ ಎಂದು ತೋರಿಸುತ್ತದೆ. ಅರ್ಧ ಪಟ್ಟಿಯನ್ನು ನೋಡಿ "ಇಲ್ಲ" ಎನ್ನಬಾರದು.

ಐದನೆಯದು, ಪಟ್ಟಿ ಸಿದ್ಧವಾಗುವ ತನಕ ಕಾಯಲಾಗದಿದ್ದರೆ, ಪಟ್ಟಿಯ ಹಂಗಿಲ್ಲದೆ ಹುಡುಕುವ ದಾರಿಯೂ ಇದೆ. ಫೈಲುಗಳಿರುವ ಡ್ರೈವನ್ನೋ ಫೋಲ್ಡರನ್ನೋ ತೆರೆದು, ಅದರ ಮೇಲ್ಭಾಗದ ಬಲಗಡೆಯ ಪೆಟ್ಟಿಗೆಯಲ್ಲಿ ಹೆಸರು ಹೊಡೆದರೆ ಯಂತ್ರ ಒಂದೊಂದೇ ಫೈಲಿನ ಹೆಸರನ್ನು ನೋಡುತ್ತ ಹೋಗುತ್ತದೆ. ನಿಧಾನ, ಆದರೆ ನೋಡುತ್ತದೆ. ಹೆಸರಿನ ನಡುವಿನ ತುಂಡು ಮಾತ್ರ ಗೊತ್ತಿದ್ದರೆ ಅದರ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿರಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಪ್ಪು ಯಾವಾಗಲೂ ನಮ್ಮ ಯಂತ್ರದ್ದೇ ಆಗಿರಬೇಕಿಲ್ಲ. 2020ರ ಫೆಬ್ರವರಿ 5ರಂದು ಜಗತ್ತಿನ ಅನೇಕ ಕಡೆ ವಿಂಡೋಸ್ 10 ಯಂತ್ರಗಳ ಹುಡುಕುವ ಪೆಟ್ಟಿಗೆ ಬರೀ ಖಾಲಿಯಾಗಿ ತೆರೆಯಿತು. ಕಾರಣ ಎಲ್ಲಿಯೋ ದೂರದ ಜಾಲದಲ್ಲಿದ್ದಿತು. ಆ ಪೆಟ್ಟಿಗೆ ಇಂಟರ್ನೆಟ್ಟಿಗೂ ಕೊಂಡಿ ಹಾಕಿಕೊಂಡಿರುವುದೇ ಇದಕ್ಕೆ ಮೂಲ. ಅಂದು ಕೆಲವರು ಗಡಿಬಿಡಿಯಿಂದ ಯಂತ್ರವನ್ನೇ ತೊಳೆದಿದ್ದರೆ ನಷ್ಟ ಅವರದೇ. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ನಡೆಯುತ್ತದೆ, ನಿಜ. ಆದರೆ ಅದರಲ್ಲಿರುವ ಕಾಗದಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.

ಯಂತ್ರಕ್ಕೆ ಕಾಣದ ಕನ್ನಡ

ಆ ರಾತ್ರಿ ಯಂತ್ರವನ್ನು ಪಟ್ಟಿ ಬರೆಯಲು ಬಿಟ್ಟು ನಾವು ಬಾಗಿಲು ಹಾಕಿದೆವು. ಬೆಳಿಗ್ಗೆ ಬಂದು ನೋಡಿದರೆ ಪಟ್ಟಿ ಪೂರ್ತಿಯಾಗಿತ್ತು. ಉತ್ಸಾಹದಿಂದ ಕಾಕಾ ಅವರ ಹೆಸರು ಹೊಡೆದೆವು.

ಸಿಗಲಿಲ್ಲ!

ಗುಮಾಸ್ತ ಎಚ್ಚರವಾಗಿದ್ದಾನೆ, ಕೋಣೆ ತೋರಿಸಿದ್ದೇವೆ, ಪಟ್ಟಿ ಹೊಸದು. ಆದರೂ ಇಲ್ಲವೆಂದರೆ? ಕಚೇರಿಯ ಹುಡುಗನ ಮುಖ ಬಾಡಿತು. ಐರೋಲಿಯ ಹುಡುಗ ಮಾತ್ರ ಸುಮ್ಮನೆ ಕುಳಿತು, "2017ರಲ್ಲಿ ಇದನ್ನೆಲ್ಲ ಇಟ್ಟವರು ಯಾರು, ಯಾವ ಹೆಸರಿನಲ್ಲಿ ಇಟ್ಟರು?" ಎಂದು ಕೇಳಿದ. ಆಗ ನಮ್ಮ ತಪ್ಪುಗಳು ಒಂದೊಂದಾಗಿ ಹೊರಬಿದ್ದವು.

ಅಂದು ನಾವು ಸ್ಕ್ಯಾನ್ ಮಾಡಿದ ಕಾಗದಗಳಿಗೆ ಹೆಸರೇ ಇಟ್ಟಿರಲಿಲ್ಲ. ಯಂತ್ರ ತಾನಾಗಿ ಕೊಟ್ಟ ಸ್ಕ್ಯಾನ್ ಒಂದು, ಸ್ಕ್ಯಾನ್ ಎರಡು ಎಂಬ ನಂಬರುಗಳೇ ಅವುಗಳ ಹೆಸರು. ಸ್ಕ್ಯಾನ್ ಎಂದರೆ ಒಂದು ಫೋಟೋ. ಫೋಟೋದಲ್ಲಿರುವ ಅಕ್ಷರ ನಮಗೆ ಅಕ್ಷರ. ಪಟ್ಟಿ ಬರೆಯುವ ಗುಮಾಸ್ತನಿಗೆ ಅದು ಬರೀ ಚಿತ್ರ. ಅದರೊಳಗೆ ಕಾಕಾ ಅವರ ಹೆಸರಿದೆಯೆಂದು ಅವನಿಗೆ ತಿಳಿಯುವುದು ಹೇಗೆ?

ಯಾವ ನಂಬರಿನ ಕಾಗದ ಯಾರದು ಎಂದು ಬರೆದ ಯಾದಿಯೊಂದನ್ನು ಅಂದು ಕನ್ನಡದಲ್ಲಿ ಟೈಪು ಮಾಡಿದ್ದೆವು. ಅದೂ ಹುಡುಕಾಟಕ್ಕೆ ಸಿಗಲಿಲ್ಲ. ಏಕೆಂದರೆ ಅದನ್ನು ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ. ಇದೊಂದು ವಿಚಿತ್ರ, ಯಕ್ಷಗಾನ ನೋಡಿದವರಿಗೆ ಬೇಗ ತಿಳಿಯುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿ ಕಿರೀಟ ಕಟ್ಟಿದವನು ರಂಗದ ಮೇಲೆ ದೇವೇಂದ್ರ. ಬಣ್ಣ ಒರಸಿದರೆ ಪಕ್ಕದ ಮನೆಯ ಶೀನಣ್ಣ! ಹಳೆಯ ನುಡಿ, ಹಳೆಯ ಬರಹ ಫಾಂಟುಗಳಲ್ಲಿ ಕಡತದೊಳಗೆ ನಿಜವಾಗಿ ಕುಳಿತಿರುವುದು ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅವುಗಳಿಗೆ ಕನ್ನಡದ ವೇಷ ಕಟ್ಟುತ್ತದೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷು. ಈಗ ನಾವು ಹುಡುಕುವ ಪೆಟ್ಟಿಗೆಯಲ್ಲಿ ಹೊಡೆಯುವುದು ಯೂನಿಕೋಡ್ ಕನ್ನಡ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಆದ ಸ್ಥಾನವಿದೆ. ದೇವೇಂದ್ರನನ್ನು ಕರೆದರೆ ಶೀನಣ್ಣ ಓಗೊಡುವನೆ?

ಇದರಲ್ಲಿ ಆ ಫಾಂಟು ಮಾಡಿದವರ ದೋಷವಿಲ್ಲ. ಬೇರೆ ದಾರಿ ಸುಲಭವಿಲ್ಲದ ಕಾಲದಲ್ಲಿ ಕನ್ನಡವನ್ನು ಯಂತ್ರದ ಮೇಲೆ ತಂದ ಉಪಕಾರ ಅವರದು. ಕನ್ನಡದ ಕೀಲಿಮಣೆಯನ್ನು ಸುಲಭಗೊಳಿಸಿದ ಕೆ. ಪಿ. ರಾಯರು ದಕ್ಷಿಣ ಕನ್ನಡದ ಕಿನ್ನಿಕಂಬಳದವರು; ನಮ್ಮ ಈ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 1960ರಲ್ಲಿ ಟಿಫ್ರಾಕ್ ಎಂಬ ಕಂಪ್ಯೂಟರನ್ನು ಈ ದೇಶದಲ್ಲೇ ಕಟ್ಟಿ ನಡೆಸಿದ್ದೂ ಅದೇ ಸಂಸ್ಥೆ. ನಮ್ಮವರ ದುಡಿಮೆ ಈ ಊರಿನ ಒಲೆಯಲ್ಲಿ, ಮಗ್ಗದಲ್ಲಿ ಮಾತ್ರ ಇಲ್ಲ. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಸಾಧನವನ್ನು ನುಡಿ, ಬರಹಗಳೇ ಕೊಡುತ್ತವೆ. ಬದಲಿಸದೆ ಬಿಟ್ಟವರು ನಾವು.

ಮನುಷ್ಯನ ನೆನಪು

ಆ ಯಾದಿಯಾದರೂ ಎಲ್ಲಿದೆ ಎಂದು ನಮಗೆ ಆಗ ಹೊಳೆಯಲಿಲ್ಲ. ಐರೋಲಿಯ ಹುಡುಗ ಕಾಕಾ ಅವರಿಗೆ ಫೋನು ಮಾಡಿ, "ಕಾಕಾ, ನೀವು ಆ ಪುಸ್ತಕ ತಂದ ದಿನ ನೆನಪಿದೆಯೆ?" ಎಂದು ಕೇಳಿದ.

ನಾವಂದುಕೊಂಡೆವು, ಆರು ವರ್ಷದ ಹಿಂದಿನ ದಿನ ಯಾರಿಗೆ ನೆನಪಿರುತ್ತದೆ? ಆದರೆ ಕಾಕಾ ತಡವರಿಸದೆ ಹೇಳಿದರು: "ಗಣಪತಿ ಕೂತ ಮ್ಯಾಲಿನ ಆಯಿತವಾರ. ನಿಮ್ಮಲ್ಲೇ ಮೋದಕ ಕೊಟ್ಟಿದ್ರಿ."

2017ರಲ್ಲಿ ಗಣೇಶ ಚೌತಿ ಆಗಸ್ಟ್ 25ರಂದು, ಶುಕ್ರವಾರ. ಅದರ ಮೇಲಿನ ಭಾನುವಾರ 27. ಹುಡುಗ ಡಿ ಡ್ರೈವು ತೆರೆದು, ಫೈಲುಗಳನ್ನು ಹೆಸರಿನ ಬದಲು ಡೇಟ್ ಮಾಡಿಫೈಡ್ ಎಂಬ ದಿನಾಂಕದ ಸಾಲಿನಲ್ಲಿ ಜೋಡಿಸಿದ. ಇಲ್ಲೊಂದು ಸೂಕ್ಷ್ಮವಿದೆ. ಕಾಗದಗಳನ್ನು ನಡುವೆ ಒಮ್ಮೆ ಹಳೆಯ ಯಂತ್ರದಿಂದ ಈ ಯಂತ್ರಕ್ಕೆ ನಕಲು ಮಾಡಿದ್ದೆವು. ನಕಲು ಮಾಡಿದಾಗ ಡೇಟ್ ಕ್ರಿಯೇಟೆಡ್ ಎಂಬ ದಿನ ನಕಲಿನ ದಿನಕ್ಕೆ ಬದಲಾಗುತ್ತದೆ. ಡೇಟ್ ಮಾಡಿಫೈಡ್ ಎಂಬುದು ಸಾಮಾನ್ಯವಾಗಿ ಹಳೆಯದೇ ಉಳಿಯುತ್ತದೆ. ಆದುದರಿಂದ ಅದನ್ನೇ ನಂಬಬೇಕು. ಆ ಭಾನುವಾರದ ದಿನಾಂಕದಲ್ಲಿ ಕೆಲವೇ ಫೈಲುಗಳು. ಒಂದೊಂದಾಗಿ ತೆರೆದೆವು. ಯಾರದೋ ಪಡಿತರ ಚೀಟಿ. ಯಾರದೋ ಮಗುವಿನ ಜನನ ಪತ್ರ. ಆಮೇಲೆ ಹಳದಿ ಹಾಳೆ, ಮಗ್ಗ ಖಾತೆ, ಟಿಕೆಟ್ ನಂಬರು, 1982ಕ್ಕೆ ಮುಂಚಿನ ರಜೆಯ ಲೆಕ್ಕ, ಕೊನೆಗೆ ಮರಾಠಿಯಲ್ಲಿ ಕಾಕಾ ಅವರ ಹೆಸರು.

ಆ ಹೆಸರನ್ನು ನೋಡಿದಾಗ ಇನ್ನೊಂದು ಗುಟ್ಟು ತಿಳಿಯಿತು. ಗಿರಣಿಯ ಕಾರಕೂನ ಕನ್ನಡದ ಹೆಸರನ್ನು ತನ್ನ ಕಿವಿಗೆ ಕೇಳಿದಂತೆ ಬರೆದಿದ್ದ. ನಡುವೆ ತಂದೆಯ ಹೆಸರು ಸೇರಿಸಿದ್ದ. ನಾವು ಬಳಸುವ ಅಡ್ಡಹೆಸರನ್ನು ಬಿಟ್ಟಿದ್ದ. ನಮ್ಮ ಶೆಟ್ಟಿ, ಪೂಜಾರಿ, ಪಾಟೀಲರ ಹೆಸರುಗಳು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯಲ್ಪಡುತ್ತವೆ, ನಿಮಗೇ ಗೊತ್ತು. ಆದುದರಿಂದ ಹೆಸರಿನಿಂದ ಮಾತ್ರ ಹುಡುಕುವವನು ನಮ್ಮ ಜನರಲ್ಲಿ ಅರ್ಧ ಮಂದಿಯನ್ನು ಕಳೆದುಕೊಳ್ಳುತ್ತಾನೆ. ಟಿಕೆಟ್ ನಂಬರು, ಭವಿಷ್ಯನಿಧಿಯ ಹನ್ನೆರಡು ಅಂಕೆಯ ಯುಎಎನ್ ನಂಬರು, ಇವಕ್ಕೆ ಉಚ್ಚಾರದ ಗೋಜಿಲ್ಲ.

ಕಾಕಾ ಮಧ್ಯಾಹ್ನ ಬಂದರು. ಮುದ್ರಿಸಿದ ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಇದರಾಗ ನಾನು ಇನ್ನೂ ಹುಡುಗ ಅದೀನಿ" ಎಂದರು. ಬೇರೇನೂ ಹೇಳಲಿಲ್ಲ. ಆ ಪ್ರತಿಯನ್ನು ಅರ್ಜಿಯ ಜೊತೆ ಸಲ್ಲಿಸಿದ್ದಾಯಿತು. ಮನೆ ಸಿಕ್ಕಿತೆ ಎಂದು ನೀವು ಕೇಳಬಹುದು. ಸಿಕ್ಕಿಲ್ಲ, ಇನ್ನೂ ಸರತಿಯಲ್ಲಿ ಇದ್ದಾರೆ. ಆದರೆ ಸರತಿಯಲ್ಲಿ ನಿಲ್ಲಲೂ ಒಂದು ಕಾಗದ ಬೇಕು. ಆ ಕಾಗದ ನಮ್ಮ ಬಳಿ ಇದ್ದೂ, ನಾವು ಎರಡು ಸಲ "ಇಲ್ಲ" ಎಂದು ಅವರನ್ನು ಸರತಿಯಿಂದ ಹೊರಗೆ ನಿಲ್ಲಿಸಿದ್ದೆವು.

ನಾವು ಮಾಡಬೇಕಾದುದು

ಬಂಧುಗಳೆ, ಆಫೀಸುಗಳಲ್ಲಿ "ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಲ್ಲ" ಎಂಬ ಮಾತನ್ನು ಕೇಳಿ ಬೆವರು ಒರಸಿಕೊಂಡು ಹಿಂದಿರುಗಿದ ಅನುಭವ ನಿಮ್ಮಲ್ಲಿ ಯಾರಿಗಿಲ್ಲ? ಅದನ್ನು ಕೇಳಿ ನಾವು ಸಿಟ್ಟಾಗುತ್ತೇವೆ. ಆದರೆ ಅದೇ ಮಾತನ್ನು ಕಾರ್ಮಿಕನ ಸಂಘವೇ ಕಾರ್ಮಿಕನಿಗೆ ಹೇಳಿತು. ಇದಕ್ಕಿಂತ ನಾಚಿಕೆಯ ಸಂಗತಿ ಏನಿದೆ? ಗುಮಾಸ್ತ ನಿದ್ದೆ ಮಾಡಿದ್ದು ಯಂತ್ರದ ದೋಷ. ಕೋಣೆ ತೋರಿಸದಿದ್ದುದು ಅಜ್ಞಾನದ ದೋಷ. ಹೆಸರು ಬರೆಯದೆ ಇಟ್ಟಿದ್ದು ಮಾತ್ರ ಕೇವಲ ನಮ್ಮ ಸೋಮಾರಿತನ.

ಆ ಬಳಿಕ ನಮ್ಮ ಕಚೇರಿಯಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಸ್ಕ್ಯಾನ್ ಮಾಡಿದ ಪ್ರತಿ ಕಾಗದಕ್ಕೂ ಅಂದೇ, ಆ ಸದಸ್ಯ ಎದುರಿಗೆ ಕುಳಿತಿರುವಾಗಲೇ, ಹೆಸರು ಇಡುತ್ತೇವೆ. ಮೊದಲು ವರ್ಷ, ತಿಂಗಳು, ದಿನ, ಬಳಿಕ ಹೆಸರು, ಬಳಿಕ ಟಿಕೆಟ್ ಅಥವಾ ಯುಎಎನ್ ನಂಬರು, ಕೊನೆಗೆ ಅದು ಯಾವ ಕಾಗದ ಎಂಬುದು. ಎಲ್ಲವೂ ಯೂನಿಕೋಡಿನಲ್ಲಿ. ಅದೇ ವಿವರವನ್ನು ಒಂದು ದಪ್ಪ ರಿಜಿಸ್ಟರಿನಲ್ಲಿ ಪೆನ್ನಿನಿಂದಲೂ ಬರೆಯುತ್ತೇವೆ. ವಾರಕ್ಕೊಮ್ಮೆ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನ‌ಕಲು ಮಾಡಿ, ಆ ಡಿಸ್ಕನ್ನು ಈ ಕಟ್ಟಡದಲ್ಲಿ ಇಡದೆ, ನೀರು ಬಾರದ ಮೇಲಿನ ಮಹಡಿಯ ಸದಸ್ಯರೊಬ್ಬರ ಮನೆಯಲ್ಲಿ ಇಡುತ್ತೇವೆ. ಹಳೆಯ ಕಾಗದಗಳಿಗೆ ಹೆಸರಿಡುವ ಕೆಲಸ ಇನ್ನೂ ಮುಗಿದಿಲ್ಲ. ಅದಕ್ಕೆ ಕೈಗಳು ಬೇಕು. ಸೋಮವಾರ ಮಧ್ಯಾಹ್ನ ಒಂದು ಗಂಟೆ ಕೊಡಬಲ್ಲ ಓದಿದ ಮಕ್ಕಳಿದ್ದರೆ ಕಳುಹಿಸಿ. ಚಹಾ ನಮ್ಮದು.

ಇವೆಲ್ಲಕ್ಕಿಂತ ಮೇಲಾದ ನಿಯಮ ಒಂದಿದೆ. ಅದನ್ನು ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿದ್ದೇವೆ; ತಲೆ ಎತ್ತಿದರೆ ಇಲ್ಲಿಂದಲೇ ಕಾಣುತ್ತದೆ. ಈ ಕಚೇರಿಯಲ್ಲಿ ಯಾರೂ ಯಂತ್ರವನ್ನು ನೋಡಿ "ಇಲ್ಲ" ಎನ್ನಕೂಡದು. "ಇನ್ನೂ ಸಿಕ್ಕಿಲ್ಲ, ಕುಳಿತುಕೊಳ್ಳಿ, ಯಾವಾಗ ಕೊಟ್ಟಿರಿ ಹೇಳಿ" ಎನ್ನಬೇಕು.

ಗಿರಣಿಯ ದಾಖಲೆ ಗಿರಣಿಯ ಜೊತೆ ಹೋಯಿತು. ಹೊಟೇಲಿನಲ್ಲಿ ದುಡಿಯುವ ಎಷ್ಟೋ ಮಂದಿಗೆ ನೇಮಕದ ಕಾಗದವೇ ಇಲ್ಲ. ನಮ್ಮ ಬದುಕಿನ ಸಾಕ್ಷಿ ಇಂಥ ನಾಲ್ಕು ಹರಿದ ಹಾಳೆಗಳಲ್ಲಿದೆ. ಅದನ್ನು ಕಾಯುವ ಕೆಲಸವನ್ನು ಯಂತ್ರಕ್ಕೆ ಬಿಟ್ಟು ನಾವು ಮಲಗಬಾರದು. ನಿಮ್ಮ ಟ್ರಂಕಿನಲ್ಲಿ ಅಂಥ ಹಾಳೆ ಇದ್ದರೆ ಬರುವ ಮಳೆಗಾಲಕ್ಕೆ ಮೊದಲೇ ಇಲ್ಲಿಗೆ ತನ್ನಿ. ತಂದ ದಿನವನ್ನು ನೀವೂ ನೆನಪಿಟ್ಟುಕೊಳ್ಳಿ.

ಐದು ಗಂಟೆಯಾಗುತ್ತ ಬಂತು, ಗಿರಾಕಿಗಳು ಕಾಯುತ್ತಿದ್ದಾರೆ.